ಕೀ ತಿರುಗಿಸಿದರೆ ‘ಟಕ್’ ಎಂದು ಸುಮ್ಮನಾಗುವ ಪಿಕಪ್: ಅನುಭವ ಇದ್ದವರು ತಿಳಿಸಿ

ಸೋಮವಾರಪೇಟೆಯಿಂದ ಪ್ರಶ್ನೆ:
ತೋಟದ ಹಳೆಯ ಡೀಸೆಲ್ ಪಿಕಪ್ ಮಳೆಗಾಲವಿಡೀ ಶೆಡ್ಡಿನಲ್ಲೇ ನಿಂತಿತ್ತು. ಈಗ ಕೀ ತಿರುಗಿಸಿದರೆ ಟಕ್ ಎಂದು ಒಂದೇ ಸದ್ದು, ಎಂಜಿನ್ ಸುತ್ತುವುದಿಲ್ಲ. ಬ್ಯಾಟರಿ ಹೊಸದು. ಗ್ಯಾರೇಜಿನವರು ಎಂಜಿನ್ ಸುತ್ತಿಸುವ ಸೆಲ್ಫ್ ಮೋಟಾರನ್ನೇ ಬದಲಿಸಿ ಎನ್ನುತ್ತಿದ್ದಾರೆ. ಕಾಫಿ ಕೊಯ್ಲು ಹತ್ತಿರ ಬಂತು. ಮೋಟಾರ್ ಬದಲಿಸುವ ಮೊದಲು ನೋಡಬೇಕಾದದ್ದು ಏನಾದರೂ ಇದೆಯೇ?

ಮಡಿಕೇರಿಯಿಂದ:
ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿ, ಟರ್ಮಿನಲ್ ನೋಡಿ, ಎಂಜಿನ್ನೇ ಬಿಗಿದುಕೊಂಡಿರಲೂಬಹುದು. ಬೆಳಕು ಇದ್ದಂತೆಯೇ ಇದ್ದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ. ನಾನಾದರೆ ಪಾನಾದಿಂದ ಸೆಲ್ಫ್ ಮೋಟಾರಿಗೆ ಮೆಲ್ಲಗೆ ಎರಡು ಏಟು ಕೊಟ್ಟು ನೋಡುತ್ತೇನೆ. ಮೋಟಾರಿನೊಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿದ್ದರೆ ಒಮ್ಮೆ ಎದ್ದುಬಿಡುತ್ತದೆ.

ಗೋಣಿಕೊಪ್ಪದಿಂದ, ಆಟೋ ಎಲೆಕ್ಟ್ರಿಕಲ್ ಕೆಲಸದವನು:
ಆ ಏಟು ರೋಗ ಯಾವುದೆಂದು ತಿಳಿಸಬಹುದು, ವಾಸಿ ಮಾಡುವುದಿಲ್ಲ ಅಣ್ಣ. ಕೊಯ್ಲಿನ ನಡುವೆ ಮತ್ತೆ ಕೈ ಕೊಡುತ್ತದೆ.

ಮಲ್ಟಿಮೀಟರ್ ಇದ್ದರೆ ಊಹೆ ಬೇಡ. ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ; ಹೊಸ ಬ್ಯಾಟರಿಯೂ ನಿಂತಲ್ಲೇ ಇಳಿಯುತ್ತದೆ. ಒಬ್ಬರು ಕೀ ತಿರುಗಿಸಿ ಹಿಡಿದಾಗ 9.6ಕ್ಕಿಂತ ಕೆಳಗೆ ಹೋಗಬಾರದು.

ಅದು ಸರಿಯಿದ್ದರೆ ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಮೋಟಾರಿನ ಮೈಗೆ. ಕೀ ತಿರುಗಿಸಿದಾಗ ಒಂದು ವೋಲ್ಟೋ ಎರಡೋ ಕಂಡರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ. ನಮ್ಮ ಮಳೆಗೆ ಇದು ತೀರಾ ಮಾಮೂಲಿ. ಎಂಜಿನ್ನಿನಿಂದ ಚಾಸಿಗೆ ಹೋಗುವ ಪಟ್ಟಿಯ ಬೋಲ್ಟ್ ಬಿಚ್ಚಿ, ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ. ಮೈನಸ್ ಅನ್ನು ಮೊದಲು ಬಿಚ್ಚಿ, ಕೊನೆಗೆ ಹಾಕಿ.

ಅರ್ತ್ ಸರಿಯಾಗಿದ್ದರೆ ಸೊಲೆನಾಯ್ಡಿನ (ಮೋಟಾರಿಗೆ ಕರೆಂಟ್ ಬಿಡುವ, ಟಕ್ ಎನ್ನುವ ಸ್ವಿಚ್) ಎರಡು ದಪ್ಪ ಬೋಲ್ಟುಗಳ ನಡುವೆ ಅಳೆಯಿರಿ. ಟಕ್ ಎಂದ ಮೇಲೂ ಪೂರ್ತಿ ಬ್ಯಾಟರಿ ವೋಲ್ಟೇಜ್ ಅಲ್ಲೇ ನಿಂತಿದ್ದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಹತ್ತಿರ ಹತ್ತಿರ ಸೊನ್ನೆಯಾಗಿದ್ದು ಮೋಟಾರ್ ತಿರುಗದಿದ್ದರೆ ಬ್ರಷ್ ಅಥವಾ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಕೆಟ್ಟಿದೆ. ಬ್ರಷ್, ಸೊಲೆನಾಯ್ಡ್ ಬಿಡಿಯಾಗಿಯೇ ಸಿಗುತ್ತವೆ, ಇಡೀ ಮೋಟಾರ್ ಕೊಳ್ಳಬೇಕಿಲ್ಲ.

ಸಿದ್ದಾಪುರದಿಂದ:
ಶೆಡ್ಡಿನಲ್ಲಿ ನೀರು ನಿಂತಿತ್ತೇ? ನಿಂತಿದ್ದರೆ ಕೀ ಮುಟ್ಟಬೇಡಿ. ಗೇರ್ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ನಿನ ಬೆಲ್ಟ್ ಓಡಿಸುವ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಕೊಟ್ಟು ಕೈಯಲ್ಲೇ ತಿರುಗಿಸಿ ನೋಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಬಲವಂತದ ಸೆಲ್ಫಿಗೆ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಗೋಣಿಕೊಪ್ಪದವರು ಹೇಳದ ಒಂದು ಮಾತು: ನಿಂತ ಗಾಡಿಯ ವೈರನ್ನು ಇಲಿ ಕಡಿಯುತ್ತದೆ. ಟಕ್ ಎನ್ನುತ್ತಿರುವುದರಿಂದ ನಿಮ್ಮ ಸೊಲೆನಾಯ್ಡಿನ ಸಣ್ಣ ವೈರು ಬದುಕಿದೆ. ಸದ್ದೇ ಇಲ್ಲದ ಗಾಡಿಯಾಗಿದ್ದರೆ ಮೊದಲು ಆ ವೈರನ್ನೇ ಹುಡುಕಿ ಎನ್ನುತ್ತಿದ್ದೆ.

ಸದ್ಯಕ್ಕೆ ಇಳಿಜಾರಿನಲ್ಲಿ ಉರುಳಿಸಿ ಗೇರ್ ಹಾಕಿ ಎಬ್ಬಿಸುತ್ತೇವೆ ಎನ್ನುವವರು ಇದ್ದಾರೆ. ಎಂಜಿನ್ ನಿಂತಿರುವಾಗ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದಿಲ್ಲ, ಪೆಡಲ್ ಕಲ್ಲಾಗುತ್ತದೆ. ತೋಟದ ದಾರಿಯಲ್ಲಿ, ಅದೂ ಕೆಳಗೆ ತಿರುವಿದ್ದರೆ, ಬೇಡ.