ಅಪ್ಪಯ್ಯನಿಗೆ ಒಂದೇ ಮಾತ್ರೆ, ಭಾವನಿಗೆ ಎರಡು ಕೊಟ್ಟಿದ್ದರು. ಯಾಕೆ?

ಕೇಳಿದವರು, ಬ್ರಹ್ಮಾವರ:
ಅಪ್ಪಯ್ಯನಿಗೆ 64, ಶುಗರ್, ಬಿಪಿ ಎರಡೂ ಉಂಟು. ನೇಜಿ ನೆಟ್ಟು ಹತ್ತು ದಿನಕ್ಕೆ ಜ್ವರ ಹಿಡಿದದ್ದು ಬಿಡಲೇ ಇಲ್ಲ. ಬ್ಲಡ್ ಕಲ್ಚರ್‌ನಲ್ಲಿ ಮೆಲಿಯಾಯ್ಡೋಸಿಸ್ ಅಂತ ಬಂತು, ಮಣ್ಣು-ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆಯಂತೆ. ಎರಡು ವಾರ ಸೆಫ್ಟಾಜಿಡಿಮ್ ಇಂಜೆಕ್ಷನ್ ಆಯ್ತು. ಈಗ ಮೂರು ತಿಂಗಳು ಕೋ-ಟ್ರೈಮೊಕ್ಸಜೋಲ್ ಮಾತ್ರ. 2011ರಲ್ಲಿ ಇದೇ ಕಾಯಿಲೆಗೆ ಭಾವನಿಗೆ ಜೊತೆಗೆ ಡಾಕ್ಸಿಸೈಕ್ಲಿನ್ ಕೂಡ ಇತ್ತು. ಅವರ ಮನೆಯಲ್ಲಿ ಒಂದು ಸ್ಟ್ರಿಪ್ ಉಳಿದಿದೆ, "ಎರಡು ಬಿದ್ದರೆ ಬ್ಯಾಕ್ಟೀರಿಯಾ ಬೇಗ ಸಾಯ್ತದೆ, ಕೊಡು" ಅಂತಾರೆ. ಗೊತ್ತಿದ್ದವರು ಹೇಳಿ.

ಕೋಟದಿಂದ:
ಕೊಡಬೇಡಿ ಮಾರಾಯ್ರೆ. ನಮ್ಮ ಚಿಕ್ಕಪ್ಪನಿಗೂ ಆಗ ಎರಡೂ ಇತ್ತು. ಡಾಕ್ಸಿ ನುಂಗಿದ ಮೇಲೆ ಗಂಜಿ ಕಂಡರೂ ವಾಕರಿಕೆ. ಬೇಸತ್ತು ಎರಡನ್ನೂ ಬಿಟ್ಟರು, ಐದು ತಿಂಗಳಿಗೆ ಮತ್ತೆ ಜ್ವರ, ಮತ್ತೆ ಅಡ್ಮಿಟ್. ಒಂದೇ ಆದರೂ ಪೂರ್ತಿ ನುಂಗುವಂಥದ್ದು ಒಳ್ಳೆಯದು.

ದೇರಳಕಟ್ಟೆ, ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಇದ್ದೇನೆ:
ಮೊದಲು ಆ ಕೋ-ಟ್ರೈಮೊಕ್ಸಜೋಲ್ ಸ್ಟ್ರಿಪ್‌ನ ಹಿಂದೆ ಓದಿ. ಸಲ್ಫಾಮೆಥಾಕ್ಸಜೋಲ್ 800, ಟ್ರೈಮೆಥೋಪ್ರಿಮ್ 160 ಅಂತ ಇರ್ತದೆ. ಅಂದರೆ ಅಪ್ಪಯ್ಯನಿಗೆ ಕೊಟ್ಟದ್ದು ಒಂದಲ್ಲ, ಎರಡೇ. ಬ್ಯಾಕ್ಟೀರಿಯಾ ತನಗೆ ಬೇಕಾದ ಫೋಲೇಟ್ ಎಂಬ ಬಿ ವಿಟಮಿನ್ನನ್ನು ತಾನೇ ತಯಾರಿಸಿಕೊಳ್ಳಬೇಕು. ಆ ದಾರಿಯ ಒಂದು ಹಂತದಲ್ಲಿ ಸಲ್ಫಾ, ಮುಂದಿನ ಹಂತದಲ್ಲಿ ಟ್ರೈಮೆಥೋಪ್ರಿಮ್ ಅಡ್ಡ ಬರ್ತದೆ. ಒಂದೇ ತೋಡಿಗೆ ಎರಡು ಕಡೆ ಕಟ್ಟ ಹಾಕಿದ ಹಾಗೆ. ಒಂದೊಂದೇ ಆದರೆ ಬೆಳವಣಿಗೆ ನಿಲ್ಲಿಸುವಷ್ಟೇ, ಸೇರಿದರೆ ಹಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ಆದರೆ ಎಲ್ಲ ಜೋಡಿಯೂ ಹೀಗೆ ಹೊಂದುವುದಿಲ್ಲ. ಬ್ಯಾಕ್ಟೀರಿಯಾ ಹಚ್ಚಿದ ಪ್ಲೇಟಿನ ಮೇಲೆ ಎರಡು ಔಷಧಿಯ ಬಿಲ್ಲೆ ಹತ್ತಿರ ಹತ್ತಿರ ಇಟ್ಟು ಮರುದಿನ ನೋಡಿದರೆ, ಸುತ್ತ ಏನೂ ಬೆಳೆಯದ ಖಾಲಿ ವೃತ್ತ ಕಾಣ್ತದೆ. ಹೊಂದುವ ಜೋಡಿಯಾದರೆ ನಡುವೆ ವೃತ್ತಗಳು ಒಂದಕ್ಕೊಂದು ಚಾಚಿಕೊಳ್ತವೆ. ಹೊಂದದಿದ್ದರೆ ಆ ಬದಿಯೇ ಚಪ್ಪಟೆ. ಪೆನಿಸಿಲಿನ್ ಕೊಲ್ಲುವುದು ಬ್ಯಾಕ್ಟೀರಿಯಾ ಬೆಳೆಯುತ್ತಾ ಗೋಡೆ ಕಟ್ಟುವಾಗ. ಟೆಟ್ರಾಸೈಕ್ಲಿನ್ ಬಂದು ಬೆಳವಣಿಗೆ ನಿಲ್ಲಿಸಿ ಮೇಸ್ತ್ರಿಗೇ ರಜೆ ಕೊಟ್ಟರೆ ಪೆನಿಸಿಲಿನ್‌ಗೆ ಕೆಲಸ ಎಲ್ಲಿ? 1951ರಲ್ಲೇ ನ್ಯುಮೊಕಾಕಸ್ ಮೆದುಳು ಜ್ವರದ ರೋಗಿಗಳಲ್ಲಿ ಇದು ಕಂಡಿತ್ತು: ಪೆನಿಸಿಲಿನ್ ಜೊತೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಯನ್ನೂ ಪಡೆದವರಲ್ಲಿ ಸಾವು ಹೆಚ್ಚು. ಡಾಕ್ಸಿಯೂ ಅದೇ ಗುಂಪಿನದ್ದು.

ನಿಮ್ಮ ಭಾವನ ಕಾಲದಲ್ಲಿ ಜೋಡಿ ಕೊಡುವುದೇ ವಾಡಿಕೆ, ತಪ್ಪಲ್ಲ. ಆಮೇಲೆ ಥಾಯ್ಲೆಂಡ್‌ನಲ್ಲಿ 626 ರೋಗಿಗಳ ಮೇಲೆ ಹೋಲಿಸಿ ನೋಡಿದರು, 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಾಯಿಲೆ ಮರುಕಳಿಸುವುದನ್ನು ತಡೆಯುವುದರಲ್ಲಿ ಕೋ-ಟ್ರೈಮೊಕ್ಸಜೋಲ್ ಒಂದೇ ಹಿಂದೆ ಬೀಳಲಿಲ್ಲ, ಅಡ್ಡ ಪರಿಣಾಮವೂ ಕಡಿಮೆ.

ಸುರತ್ಕಲ್‌ನಿಂದ:
ನನಗೆ ಟಿಬಿ ಆಗಿದ್ದಾಗ ನಾಲ್ಕು ಔಷಧಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಹೆದರಿದ್ದೆ, ರಿಫಾಂಪಿಸಿನ್ ಅಂತೆ. ಅಲ್ಲಿ ನಾಲ್ಕು ಯಾಕೆಂದರೆ ಒಂದಕ್ಕೆ ಬಗ್ಗದ ಬ್ಯಾಕ್ಟೀರಿಯಾವನ್ನು ಇನ್ನೊಂದು ಹಿಡಿಯಬೇಕು. ಆ ಲೆಕ್ಕ ಎಲ್ಲ ಕಾಯಿಲೆಗೂ ಹಾಕಬೇಡಿ.

ದೇರಳಕಟ್ಟೆ, ಮತ್ತೆ ನಾನೇ:
ಒಂದು ಬಿಟ್ಟೆ. ಕೋ-ಟ್ರೈಮೊಕ್ಸಜೋಲ್‌ನಿಂದ ರಕ್ತದಲ್ಲಿ ಪೊಟ್ಯಾಶಿಯಂ ಏರಬಹುದು, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಸಹ. ಬಿಪಿಯ ಕೆಲವು ಮಾತ್ರೆಯೂ ಪೊಟ್ಯಾಶಿಯಂ ಏರಿಸ್ತದೆ, ಅಪ್ಪಯ್ಯನ ಬಿಪಿಗೆ ಎಂತ ಮಾತ್ರೆ ಅಂತ ಡಾಕ್ಟರಿಗೆ ಹೇಳಿದ್ದೀರಾ? ಮೈಮೇಲೆ ದದ್ದು ಎದ್ದರೆ ಕಾಯಬೇಡಿ, ತಕ್ಷಣ ಹೋಗಿ.

ಕೇಳಿದವರು:
ಬಿಪಿಗೆ ಟೆಲ್ಮಿಸಾರ್ಟನ್, ಹೇಳಿರಲಿಲ್ಲ. ಈಗಷ್ಟೇ ಫೋನ್ ಮಾಡಿದೆ, ನಾಳೆ ಬೆಳಿಗ್ಗೆಯೇ ರಕ್ತ ಕೊಡಲಿಕ್ಕೆ ಹೇಳಿದ್ದಾರೆ. ಡಾಕ್ಸಿ ಸ್ಟ್ರಿಪ್ ತಿರುಗಿಸಿ ನೋಡಿದೆ, 2013ಕ್ಕೇ ಅವಧಿ ಮುಗಿದಿದೆ! ಭಾವನಿಗೆ ಫೋಟೋ ಕಳಿಸಿದ್ದೇನೆ, ಇನ್ನೂ ಉತ್ತರ ಇಲ್ಲ.