ಕುಶಾಲನಗರದ ವರ್ಕ್‌ಶಾಪ್‌ಗೆ 5 ಆಕ್ಸಿಸ್ ಬೇಕಾ, 4ನೇ ಆಕ್ಸಿಸ್ ಸಾಕಾ?

ಕೂಡ್ಲೂರು_ವರ್ಕ್‌ಶಾಪ್:

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಹತ್ತಿರ ಕೂಡ್ಲೂರಿನಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಎರಡು ಲೇತ್, ಒಂದು 3 ಆಕ್ಸಿಸ್ ವಿಎಂಸಿ (ಮೂರು ದಿಕ್ಕಿನಲ್ಲಿ ಓಡುವ ಕಂಪ್ಯೂಟರ್ ಮಿಲ್ಲಿಂಗ್ ಮೆಷಿನ್), ನಾವು ನಾಲ್ಕು ಜನ. ವಿಎಂಸಿಯ ಎಕ್ಸ್ ಓಟ 800 ಮಿಮೀ, ಕಂಟ್ರೋಲರ್ ಫ್ಯಾನಕ್ 0ಐ-ಎಂಎಫ್. ಕೆಲಸ ಜಾಸ್ತಿ ಕಾಫಿಯದ್ದೇ. ಪಲ್ಪರ್ ಶಾಫ್ಟ್, ಬೇರಿಂಗ್ ಹೌಸಿಂಗ್, ಹಲ್ಲರ್ (ಕಾಫಿಯ ಸಿಪ್ಪೆ ತೆಗೆಯುವ ಮೆಷಿನ್) ರೋಟರ್. ಫೆಬ್ರವರಿ, ಮಾರ್ಚ್‌ನಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವಾಗ ಪಂಪ್ ಇಂಪೆಲರ್ ಹಿಡಿದುಕೊಂಡೂ ಬರುತ್ತಾರೆ.

ತಲೆನೋವು ರೋಟರ್‌ದು. 110 ಮಿಮೀ ವ್ಯಾಸ, 300 ಉದ್ದ. ಮೈಮೇಲೆ ಓರೆಯಾಗಿ ಸುತ್ತಿಕೊಂಡ ಏಣುಗಳು, ಸುತ್ತಲೂ ಅಡ್ಡ ತೂತುಗಳು. ಪ್ರತಿ ತೂತಿಗೂ ಜಾಬ್ ಬಿಚ್ಚಿ, ತಿರುಗಿಸಿ, ಮತ್ತೆ ಡಯಲ್ ಗೇಜ್ ಹಿಡಿದು ನೇರ ಮಾಡಬೇಕು. ಒಂದು ರೋಟರ್‌ಗೆ ಅರ್ಧ ದಿನ ಸೆಟ್ಟಿಂಗ್‌ಗೇ ಹೋಗುತ್ತದೆ. ಕೊಯ್ಲಿನ ಸಮಯದಲ್ಲಿ ತೋಟದವರು ರಾತ್ರಿ ಹತ್ತು ಗಂಟೆಗೆ ಜೀಪಿನಲ್ಲಿ ಮುರಿದ ರೋಟರ್ ತಂದು ನಿಂತಿರುತ್ತಾರೆ. ಹಣ್ಣು ಕೊಯ್ದಾಗಿದೆ, ಮಿಲ್ ನಿಂತಿದೆ. "ನಾಡಿದ್ದು ಬನ್ನಿ" ಅಂತ ಅವರಿಗೆ ಹೇಳುವುದು ನನ್ನಿಂದ ಆಗುವುದಿಲ್ಲ.

ಒಬ್ಬ ಡೀಲರ್ 5 ಆಕ್ಸಿಸ್ ಮೆಷಿನ್ (ಮೂರು ದಿಕ್ಕಿನ ಜೊತೆ ಇನ್ನೆರಡು ಕಡೆ ತಿರುಗುವುದು) ತಗೊಳ್ಳಿ, ಕ್ಯಾಮ್ (ಮೆಷಿನ್‌ಗೆ ಪ್ರೋಗ್ರಾಮ್ ಬರೆಯುವ) ಸಾಫ್ಟ್‌ವೇರ್ ಜೊತೆಗೇ ಕೊಡುತ್ತೇವೆ ಅಂತಿದ್ದಾರೆ. ಬ್ಯಾಂಕ್ ಸಾಲ ಸಿಗಬಹುದು. ಆದರೆ ಮನಸ್ಸು ಒಪ್ಪುತ್ತಿಲ್ಲ. ಈಗ ಫ್ಯೂಷನ್ ಅನ್ನುವ ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಮ್ ಮಾಡುತ್ತಿದ್ದೇನೆ. ಅದೇ ಸಾಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಹೆಬ್ಬಾಳ_ಮಿಲ್ಲಿಂಗ್:

ಅಣ್ಣ, ನಾನು ಮೈಸೂರು ಹೆಬ್ಬಾಳದಲ್ಲಿ 14 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ ರೋಟರ್‌ಗೆ 5 ಆಕ್ಸಿಸ್ ಬೇಡ. ಜಾಬ್ ತಿರುಗಿಸುವ ರೋಟರಿ ಟೇಬಲ್ ಕೂರಿಸಿ, ಅದೇ 4ನೇ ಆಕ್ಸಿಸ್. ಆ ಕಡೆ ತುದಿಗೆ ಆಸರೆಯಾಗಿ ಟೈಲ್‌ಸ್ಟಾಕ್ ಕೊಡಿ. ಒಂದೇ ಸಲ ಹಿಡಿದರೆ ಏಣು, ತೂತು ಎಲ್ಲ ಮುಗಿಯುತ್ತದೆ. ನಿಮ್ಮ 0ಐ-ಎಂಎಫ್ ನಾಲ್ಕು ಆಕ್ಸಿಸ್‌ಗಳನ್ನು ಒಟ್ಟಿಗೆ ಓಡಿಸುತ್ತದೆ. ಐದೂ ಒಟ್ಟಿಗೆ ಓಡಬೇಕು ಅಂದರೆ 31ಐ-ಬಿ5 ತರಹದ ಕಂಟ್ರೋಲರ್ ಬೇಕು, ಅದರ ಬೆಲೆಯೇ ಬೇರೆ. ನಿಮ್ಮ ಪ್ಯಾನೆಲ್‌ನಲ್ಲಿ 4ನೇ ಆಕ್ಸಿಸ್‌ನ ಆಂಪ್ಲಿಫೈಯರ್‌ಗೆ (ಮೋಟರ್ ಓಡಿಸುವ ಡ್ರೈವ್‌ಗೆ) ಜಾಗ ಇದೆಯಾ, ಕಂಟ್ರೋಲರ್‌ನಲ್ಲಿ ಆ ಆಪ್ಷನ್ ತೆರೆದಿದೆಯಾ ಅಂತ ಮೊದಲು ಕೇಳಿ.

ಆಮೇಲೆ ಟೇಪ್ ಹಿಡಿಯಿರಿ. ಸ್ಪಿಂಡಲ್ ಮೂತಿಯಿಂದ ಟೇಬಲ್‌ಗೆ 600 ಇದೆ ಅಂದುಕೊಳ್ಳೋಣ. ರೋಟರಿಯ ಸೆಂಟರ್ ಎತ್ತರ 135, ನಿಮ್ಮ ಜಾಬ್‌ನ ಅರ್ಧ ವ್ಯಾಸ 55, ಹೋಲ್ಡರ್ ಮತ್ತು ಡ್ರಿಲ್ ಸೇರಿ 200. ಉಳಿಯುವುದು 210. ಇಷ್ಟಿದ್ದರೆ ಆರಾಮ. ಉದ್ದದಲ್ಲೂ ಹಾಗೆಯೇ. ರೋಟರಿ, ಚಕ್, ಜಾಬ್, ಟೈಲ್‌ಸ್ಟಾಕ್ ಎಲ್ಲ ಕೂಡಿಸಿ ನೋಡಿ. ಎಷ್ಟೋ ಜನ ಇದನ್ನು ಅಳೆಯದೆ ರೋಟರಿ ತಂದು ಮೂಲೆಗೆ ಇಟ್ಟಿದ್ದಾರೆ.

ಇಂಪೆಲರ್ ವಿಷಯಕ್ಕೆ ಬಂದರೆ, ತೋಟದ ಪಂಪ್‌ಗಳದ್ದು ಸಾಮಾನ್ಯವಾಗಿ ಎರಡೂ ಕಡೆ ತಟ್ಟೆ ಮುಚ್ಚಿದ್ದು, ಅಲ್ವಾ? 5 ಆಕ್ಸಿಸ್ ಇದ್ದರೂ ಆ ಎಲೆಗಳ ನಡುವೆ ಟೂಲ್ ಹೋಗುವುದು ಕಷ್ಟ. ಅದು ಎರಕದ ಕೆಲಸ. ನಿಮ್ಮ ವಿಎಂಸಿಯಲ್ಲಿ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡಿ, ಬೆಳಗಾವಿಯಲ್ಲೋ ಕೊಯಮತ್ತೂರಿನಲ್ಲೋ ಎರಕ ಹಾಕಿಸಿ, ಬೋರ್ ಮತ್ತು ಮುಖ ನೀವು ಮಾಡಿ. ಇಂಪೆಲರ್ ತೋರಿಸಿ 5 ಆಕ್ಸಿಸ್ ಮಾರುವವರಿಗೆ ಈ ಪ್ರಶ್ನೆ ಕೇಳಿ ನೋಡಿ.

ವಿರಾಜಪೇಟೆ_ಕ್ಯಾಮ್:

ನಾನು ವಿರಾಜಪೇಟೆಯವಳು, ಈಗ ಬೆಂಗಳೂರಿನಲ್ಲಿ ಕ್ಯಾಮ್ ಪ್ರೋಗ್ರಾಮರ್. ಮೇಲಿನ ಸರ್ ಹೇಳಿದ್ದು ಸರಿ. ಸಾಫ್ಟ್‌ವೇರ್ ಬಗ್ಗೆ ನಾನು ಹೇಳುತ್ತೇನೆ.

ಮಾಸ್ಟರ್‌ಕ್ಯಾಮ್ ಇರಲಿ, ಹೈಪರ್‌ಮಿಲ್ ಇರಲಿ, ಫ್ಯೂಷನ್ ಇರಲಿ, ಕೊನೆಗೆ ಮೆಷಿನ್ ಓದುವುದು ಪೋಸ್ಟ್ (ಟೂಲ್ ಓಡುವ ದಾರಿಯನ್ನು ಮೆಷಿನ್‌ನ ಭಾಷೆಗೆ ತಿರುಗಿಸುವ ಭಾಗ) ಬರೆದುಕೊಟ್ಟ ಜಿ-ಕೋಡ್. ದುಡ್ಡು ಕೊಡುವ ಮೊದಲು ಪೋಸ್ಟ್ ನೋಡಿ. ರೋಟರಿ ತಿರುಗುತ್ತಾ ಕಡಿಯುವಾಗ ಫೀಡ್ ಅನ್ನು ಜಿ93ರಲ್ಲಿ (ಪ್ರತಿ ಓಟಕ್ಕೂ ಬೇಕಾದ ಸಮಯದ ಲೆಕ್ಕದಲ್ಲಿ) ಕೊಡುತ್ತದಾ? ಡಿಗ್ರಿ ಲೆಕ್ಕದಲ್ಲಿ ಕೊಟ್ಟರೆ ವ್ಯಾಸ ಬದಲಾದ ಹಾಗೆ ಟೂಲ್ ನಿಜವಾಗಿ ಓಡುವ ವೇಗವೂ ಬದಲಾಗುತ್ತದೆ. ತೂತು ಹಾಕುವಾಗ ಬ್ರೇಕ್ ಹಿಡಿಯುವ ಎಂ-ಕೋಡ್ ಬರುತ್ತದಾ? ಇವೆರಡೂ ಇಲ್ಲದ ಪೋಸ್ಟ್ ಬೇಡವೇ ಬೇಡ.

ಒಂದು ಸಲ ನಮ್ಮಲ್ಲಿ ಆದದ್ದು ಹೇಳುತ್ತೇನೆ. ರೋಟರಿ ಬಿಚ್ಚಿ ಮತ್ತೆ ಕೂರಿಸಿದ್ದರು. ಅದರ ನಡುಗೆರೆ ವೈ ದಿಕ್ಕಿನಲ್ಲಿ 0.08 ಮಿಮೀ ಜರುಗಿತ್ತು, ಯಾರೂ ನೋಡಿರಲಿಲ್ಲ. ಒಂದು ತೂತನ್ನು ಈ ಕಡೆಯಿಂದ ಅರ್ಧ, 180 ಡಿಗ್ರಿ ತಿರುಗಿಸಿ ಆ ಕಡೆಯಿಂದ ಅರ್ಧ ಕೊರೆದೆವು. ಒಳಗೆ ಬೆರಳು ಹಾಕಿದರೆ ನಡುವೆ ಉಗುರಿಗೆ ಮೆಟ್ಟಿಲು ಸಿಗುತ್ತಿತ್ತು. ತಿರುಗಿಸಿದಾಗ ತಪ್ಪು ದುಪ್ಪಟ್ಟಾಗುತ್ತದೆ, 0.16. ಹನ್ನೊಂದು ಜಾಬ್ ಗುಜರಿಗೆ ಹೋಯಿತು. ಅಂದಿನಿಂದ ರೋಟರಿ ಮುಟ್ಟಿದ ದಿನ ಈ ತೂತಿನ ಪರೀಕ್ಷೆ ಮಾಡದೆ ನಾನು ಪ್ರೋಗ್ರಾಮ್ ಕೊಡುವುದಿಲ್ಲ.

ಫ್ಯೂಷನ್ ಸಾಕಾ ಅಂದರೆ, ನಿಮಗೆ ಸಾಕು. ಆದರೆ ಉಚಿತ ಆವೃತ್ತಿ ಅಲ್ಲ. 2020ರ ಅಕ್ಟೋಬರ್‌ನಿಂದ ಅದರಲ್ಲಿ ಬಹು ಆಕ್ಸಿಸ್ ಇಲ್ಲ, ರಾಪಿಡ್ ಓಟವೂ (ಕಡಿಯದಿರುವಾಗ ವೇಗವಾಗಿ ಸರಿಯುವುದು) ಇಲ್ಲ. ವ್ಯಾಪಾರಕ್ಕೆ ಬಳಸುವ ಹಾಗೂ ಇಲ್ಲ. ಇನ್ನೊಂದು ವಿಷಯ. ಸಿಲಿಂಡರ್ ಮೇಲೆ ಸುತ್ತುವ ಟೂಲ್‌ಪಾತ್‌ನಲ್ಲಿ ಟೂಲ್ ಯಾವಾಗಲೂ ಮಧ್ಯಕ್ಕೇ ಮುಖ ಮಾಡಿರುತ್ತದೆ. ಏಣುಗಳ ನಡುವಿನ ತೋಡು ಟೂಲ್‌ಗಿಂತ ಅಗಲ ಇದ್ದರೆ ಎರಡು ಗೋಡೆಗಳೂ ಒಂದಕ್ಕೊಂದು ಸಮಾನಾಂತರ ಬರುವುದಿಲ್ಲ. ಹಲ್ಲರ್ ರೋಟರ್‌ಗೆ ಅದು ನಡೆಯುತ್ತದೆ. ಕೀ ಕೂರುವ ಜಾಗಕ್ಕೆ ನಡೆಯುವುದಿಲ್ಲ.

ಗೋಣಿಕೊಪ್ಪ_ಎಲೆಕ್ಟ್ರಿಕಲ್:

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕರೆಂಟ್ ಗೊತ್ತಲ್ಲ. ಮರ ಬಿದ್ದರೆ ಲೈನ್ ಹೋಯಿತು. ಸರ್ವೋ ಸ್ಟೆಬಿಲೈಸರ್, ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಎರಡೂ ಹಾಕಿ, ಅರ್ಥಿಂಗ್ ಬೇರೆ ಮಾಡಿಸಿ. ಮಳೆಗಾಲದಲ್ಲಿ ನಾಲ್ಕು ದಿನ ಮೆಷಿನ್ ನಿಲ್ಲಿಸುವುದಾದರೆ ರೋಟರಿಯ ಚಕ್‌ಗೆ, ಟೇಬಲ್‌ಗೆ ಎಣ್ಣೆ ಸವರಿ. ತುಕ್ಕು ಒಂದೇ ರಾತ್ರಿಯಲ್ಲಿ ಬರುತ್ತದೆ. 2018, 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ನೆನಪಿದೆ ಅಲ್ವಾ? ಹೊಸ ಆಂಪ್ಲಿಫೈಯರ್, ಟ್ರಾನ್ಸ್‌ಫಾರ್ಮರ್ ಯಾವುದನ್ನೂ ನೆಲದ ಮೇಲೆ ಇಡಬೇಡಿ.

ಕೂಡ್ಲೂರು_ವರ್ಕ್‌ಶಾಪ್:

ಎಲ್ಲರಿಗೂ ತುಂಬಾ ಧನ್ಯವಾದ. ಬೆಳಿಗ್ಗೆಯೇ ಟೇಪ್ ಹಿಡಿದೆ. ಸ್ಪಿಂಡಲ್‌ನಿಂದ ಟೇಬಲ್‌ಗೆ 540 ಇದೆ, ಅಂದರೆ 150 ಉಳಿಯುತ್ತದೆ. ಪ್ಯಾನೆಲ್‌ನಲ್ಲಿ ಆಂಪ್ಲಿಫೈಯರ್‌ಗೆ ಜಾಗ ಬಿಟ್ಟಿದ್ದಾರೆ. 5 ಆಕ್ಸಿಸ್ ಬೇಡ ಅಂತ ಡೀಲರ್‌ಗೆ ಫೋನ್ ಮಾಡಿ ಹೇಳಿಬಿಟ್ಟೆ.

ಮೇಡಂ, ನೀವು ಹೇಳಿದ ತೂತಿನ ಪರೀಕ್ಷೆಯನ್ನೇ ರೋಟರಿ ಮಾರುವವರ ಮುಂದೆ ಇಡುತ್ತೇನೆ. ನಮ್ಮ ಮೆಷಿನ್ ಮೇಲೆ ಕೂರಿಸಿ, ಎರಡೂ ಕಡೆಯಿಂದ ಕೊರೆದು ತೋರಿಸಲಿ, ಆಮೇಲೆ ದುಡ್ಡು. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರು, ಅಷ್ಟರೊಳಗೆ ಕೂರಿಸಬೇಕು. ಮೊದಲ ರೋಟರ್ ಆದ ಮೇಲೆ ಫೋಟೋ ಹಾಕುತ್ತೇನೆ.