ಅಪ್‌ಡೇಟ್: ಮೊದಲ ಸ್ಪಿನ್ ಕ್ಲಾಸ್, ಸೀಟಿನ ಎತ್ತರ

ಸ್ಪಿನ್ ಕ್ಲಾಸಲ್ಲಿ (ಜಿಮ್‌ನಲ್ಲಿ ನಿಂತಲ್ಲೇ ಇರೋ ಸೈಕಲ್ ತುಳಿಯೋ ಗುಂಪು ವ್ಯಾಯಾಮ) ಮಂಡಿ ನೋಯದಂತೆ ಸೀಟು ಎಷ್ಟು ಎತ್ತರಕ್ಕಿಡಬೇಕು ಅಂತ ಕೇಳಿದ್ದೆ. ಕ್ಲಾಸ್ ಆಯ್ತು, ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಬೈಕ್ ಪಕ್ಕದಲ್ಲಿ ನಿಂತಾಗ ಸೀಟು ಸೊಂಟದ ಮೂಳೆಯ ಮಟ್ಟಕ್ಕಿರಬೇಕು ಅನ್ನೋದು ಬರೀ ಶುರು. ಹತ್ತಿ ಕೂತು ನೋಡಿ: ಪೆಡಲ್ ತಳಕ್ಕೆ ಬಂದಾಗ ಮಂಡಿ 25–35 ಡಿಗ್ರಿ ಬಾಗಿರಬೇಕು. ಸೊಂಟ ಅತ್ತಿತ್ತ ಓಲಾಡಿದರೆ ಸೀಟು ಎತ್ತರವಾಯ್ತು. ಮಂಡಿಯ ಮುಂಭಾಗ ನೋವಾದರೆ ಸಾಮಾನ್ಯವಾಗಿ ತಗ್ಗಾಯ್ತು. ಹ್ಯಾಂಡಲ್ ಮೊದಮೊದಲು ಸೀಟಿಗಿಂತ ತುಸು ಮೇಲಿರಲಿ.

ಉತ್ತರಗಳಲ್ಲಿ ಬಾರದಿದ್ದ ಮುಖ್ಯ ವಿಷಯ: ಹೆಚ್ಚಿನ ಸ್ಪಿನ್ ಬೈಕುಗಳಲ್ಲಿ ಫ್ರೀವೀಲ್ (ತುಳಿಯೋದು ನಿಲ್ಲಿಸಿದಾಗ ಪೆಡಲ್ ನಿಂತು ಚಕ್ರ ಮಾತ್ರ ತಿರುಗೋ ವ್ಯವಸ್ಥೆ) ಇರಲ್ಲ. ಕಾಲು ನಿಲ್ಲಿಸಿದರೂ ಭಾರದ ಫ್ಲೈವೀಲ್ (ಬೈಕಿನ ದೊಡ್ಡ ಚಕ್ರ) ಪೆಡಲನ್ನು ತಿರುಗಿಸುತ್ತಲೇ ಇರುತ್ತೆ. ತಕ್ಷಣ ನಿಲ್ಲಿಸೋಕೆ ರೆಸಿಸ್ಟೆನ್ಸ್ ನಾಬ್ (ತುಳಿಯೋ ಬಿಗಿ ಹೆಚ್ಚು-ಕಮ್ಮಿ ಮಾಡೋ ತಿರುಗುಗುಂಡಿ) ಕೆಳಕ್ಕೆ ಒತ್ತಬೇಕು. ಅದನ್ನು ತೀರಾ ಸಡಿಲ ಬಿಟ್ಟು 110 ಆರ್‌ಪಿಎಂ (ನಿಮಿಷಕ್ಕೆ ಪೆಡಲ್ ಸುತ್ತುಗಳು) ದಾಟಿದರೆ ಸೀಟಿನ ಮೇಲೆ ಪುಟಿಯೋದು ಗ್ಯಾರಂಟಿ! ಪೆಡಲ್ ಮೇಲೆ ಎದ್ದು ನಿಲ್ಲೋ ಮೊದಲು ನಾಬ್ ಬಿಗಿ ಮಾಡಿಕೊಳ್ಳಿ.